ಟೊಂಕದ ಮೇಲಿನ ಭಾರ: ಮರೆಯಲ್ಲಿ ಹೊರುವ ಹೋಲ್‌ಸ್ಟರಿಗೆ ತಕ್ಕ ಬೆಲ್ಟು ಯಾವುದು?

ಲೈಸೆನ್ಸ್ ಇದೆಯೆಂದು ಪಿಸ್ತೂಲನ್ನು ನಾಲ್ಕು ಮಂದಿಗೆ ಕಾಣುವಂತೆ ಹೊತ್ತು ತಿರುಗುವ ಹಕ್ಕು ನಮ್ಮ ದೇಶದಲ್ಲಿ ಖಾಸಗಿಯವರಿಗೆ ಇಲ್ಲ. 2016ರ ಆಯುಧ ನಿಯಮಗಳು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡುವುದಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲಿರಬೇಕು, ಇಲ್ಲವೇ ಚೀಲದೊಳಗಿರಬೇಕು. ಅದು ಪೂರ್ತಿ ಮುಚ್ಚಿರಬೇಕು, ಹೊತ್ತವನ ಹತೋಟಿಯಲ್ಲಿಯೂ ಇರಬೇಕು. ಅಮೆರಿಕದಲ್ಲಿ ಮರೆಮಾಡಿ ಹೊರುವುದು ಹಕ್ಕಿನ ಮಾತಾಗಿ ಚರ್ಚೆಯಾಗುತ್ತದೆ, ಈಗ 29 ರಾಜ್ಯಗಳಲ್ಲಿ ಅದಕ್ಕೆ ಪರವಾನಗಿಯೂ ಬೇಡ. ನಮ್ಮಲ್ಲಿ ಅದು ಹೊತ್ತವನ ಕರ್ತವ್ಯ. ಆದರೆ ಈ ಕರ್ತವ್ಯವನ್ನು ನೆರವೇರಿಸುವ ಸಾಮಾನು ಯಾವುದು, ಹೇಗಿರಬೇಕು ಎಂಬ ಬಗ್ಗೆ ನಿಯಮ ಹೋಲ್‌ಸ್ಟರಿನ ಹೆಸರು ಹೇಳಿ ನಿಂತುಬಿಡುತ್ತದೆ. ಹೋಲ್‌ಸ್ಟರನ್ನು ಹೊರುವ ಬೆಲ್ಟಿನ ಬಗ್ಗೆ ಅಲ್ಲಿ ಮಾತಿಲ್ಲ. ಅಂಗಡಿಯವನೂ ಅದರ ಮಾತೆತ್ತುವುದಿಲ್ಲ. ಲಕ್ಷ ರೂಪಾಯಿಯ ರಿವಾಲ್ವರಿಗೆ ರಸ್ತೆಬದಿಯಲ್ಲಿ ಕೊಂಡ ರೆಕ್ಸಿನ್ ಬೆಲ್ಟು ಆಸರೆಯಾಗಿರುವುದು ಅಪರೂಪವಲ್ಲ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿರುವ ಕುಂಭಾರಿಯಂಥ ಊರಲ್ಲಿ ಕೂತು ಈ ಪ್ರಶ್ನೆ ಎತ್ತುವುದಕ್ಕೆ ಕಾರಣಗಳಿವೆ. ಒಂದು, ಗಡಿಯ ಈ ಪಟ್ಟಿಯಲ್ಲಿ ಉಡುಪು ಇನ್ನೂ ಒಂದೇ ಅಚ್ಚಿಗೆ ಇಳಿದಿಲ್ಲ. ಧೋತರ, ಪೈಜಾಮ, ನೆಹರೂ ಶರ್ಟು, ಹೊಲಿಸಿದ ಪ್ಯಾಂಟು, ಜೀನ್ಸು ಎಲ್ಲವೂ ಒಂದೇ ಬಸ್ಸಿನಲ್ಲಿ ಕೂತಿರುತ್ತವೆ. ಎರಡು, ಇಲ್ಲಿನ ಬೇಸಿಗೆ. ಏಪ್ರಿಲ್‌-ಮೇ ತಿಂಗಳಲ್ಲಿ ಪಾದರಸ 43-44 ಡಿಗ್ರಿ ಮುಟ್ಟುವ ಊರಲ್ಲಿ ಟೊಂಕಕ್ಕೆ ಬಿಗಿದ ಯಾವುದೇ ಪಟ್ಟಿ ದಿನವಿಡೀ ಬೆವರಿನಲ್ಲಿ ನೆನೆಯುತ್ತದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಒಳ್ಳೆಯ ಬೆಲ್ಟಿಗೆ ಬೇಕಾದ ಚರ್ಮ, ನೇಯ್ಗೆ, ಹೊಲಿಗೆ ಮೂರೂ ಈ ಸೀಮೆಯಲ್ಲೇ ಇವೆ. ಅವು ಒಂದೆಡೆ ಸೇರಿಲ್ಲ, ಅಷ್ಟೆ.

ಬಂದೂಕು ಹೆಚ್ಚಲಿ ಎಂಬ ಆಸೆ ನನಗಿಲ್ಲ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು, ಮದುವೆ ಮೆರವಣಿಗೆಗಳಲ್ಲಿ ಗುಂಡು ಹಾರಿಸುವುದನ್ನು ಶಿಕ್ಷಾರ್ಹವಾಗಿಸಿದ್ದು ಸರಿಯಾದ ಹೆಜ್ಜೆಗಳು. ಆದರೆ ಕಾನೂನಿನ ಒಪ್ಪಿಗೆಯಿಂದ ಆಯುಧ ಪಡೆದವರು ಇದ್ದೇ ಇರುತ್ತಾರೆ. ಮಫ್ತಿಯಲ್ಲಿ ತಿರುಗುವ ಪೊಲೀಸರು, ಅಂಗರಕ್ಷಕರು, ನಗದು ಮತ್ತು ಚಿನ್ನ ಸಾಗಿಸುವ ವ್ಯಾಪಾರಿಗಳು, ಜೀವಬೆದರಿಕೆ ಇದೆಯೆಂದು ಜಿಲ್ಲಾಡಳಿತ ನಂಬಿದ ಕೆಲವರು. ಇವರು ಹೊರುವ ಭಾರ ಅವರ ಪಕ್ಕದಲ್ಲಿ ಕೂತ ನನಗೂ ನಿಮಗೂ ಸಂಬಂಧಿಸಿದ್ದು. ಬೆಲ್ಟಿನ ಆರಾಮವನ್ನು ಹೊತ್ತವನ ಸುಖದ ವಿಷಯವೆಂದು ಬದಿಗಿಡಬಾರದು. ಅದು ಸುರಕ್ಷತೆಯ ಮೊದಲ ಮೆಟ್ಟಿಲು.

ಏಕೆಂದರೆ ನೋಯಿಸುವ ಬೆಲ್ಟನ್ನು ಮನುಷ್ಯ ಬಿಚ್ಚುತ್ತಾನೆ. ಊಟಕ್ಕೆ ಕೂತಾಗ ಬಿಚ್ಚಿ ಟೇಬಲ್ಲಿನ ಮೇಲೆ ಇಡುತ್ತಾನೆ, ಕಾರಿನ ಡ್ಯಾಶ್‌ಬೋರ್ಡಿಗೆ ತಳ್ಳುತ್ತಾನೆ, ಮಧ್ಯಾಹ್ನ ಮಲಗುವಾಗ ದಿಂಬಿನ ಕೆಳಗೆ ಸೇರಿಸುತ್ತಾನೆ. ಹೀಗೆ ಕೈ ತಾಗಿದಷ್ಟು ಸಲ ಅಪಾಯ. 2024ರ ಅಕ್ಟೋಬರ್ 1ರ ನಸುಕಿನಲ್ಲಿ ಮುಂಬೈಯಲ್ಲಿ ಹಿಂದಿ ನಟ ಗೋವಿಂದಾ ಅವರ ಕಾಲಿಗೆ ಅವರದೇ ಲೈಸೆನ್ಸಿನ ರಿವಾಲ್ವರಿನ ಗುಂಡು ಬಿದ್ದದ್ದು ಜಗಳದಲ್ಲಲ್ಲ, ಮನೆಯಲ್ಲಿ ಆಯುಧವನ್ನು ಎತ್ತಿಡುವ ಗಳಿಗೆಯಲ್ಲಿ. ಇನ್ನೊಂದು ಪ್ರಕರಣ ನ್ಯೂಯಾರ್ಕಿನದು. 2008ರ ನವೆಂಬರ್ 28ರ ರಾತ್ರಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಪ್ಲಾಕ್ಸಿಕೋ ಬರೆಸ್ ಟ್ರ್ಯಾಕ್ ಪ್ಯಾಂಟಿನ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಕ್ಲಬ್ಬಿಗೆ ಹೋದರು. ಹೋಲ್‌ಸ್ಟರ್ ಇರಲಿಲ್ಲ, ಪ್ಯಾಂಟಿಗೆ ಬೆಲ್ಟೂ ಇರಲಿಲ್ಲ. ಪಿಸ್ತೂಲು ಕಾಲಗುಂಟ ಜಾರಿತು, ತೊಡೆಗೆ ಗುಂಡು ಹೊಕ್ಕಿತು, ಮುಂದೆ ಪರವಾನಗಿಯಿಲ್ಲದ ಆಯುಧ ಹೊತ್ತದ್ದಕ್ಕೆ ಎರಡು ವರ್ಷ ಸೆರೆಮನೆಯ ಶಿಕ್ಷೆಯಾಯಿತು. ಸಿನಿಮಾದಲ್ಲಿ ನಾಯಕ ಪ್ಯಾಂಟಿಗೆ ಪಿಸ್ತೂಲು ಸಿಕ್ಕಿಸಿಕೊಳ್ಳುವ ದೃಶ್ಯ ನೋಡಿ ಬೆಳೆದ ನಮ್ಮ ಹುಡುಗರಿಗೆ ಈ ಕಥೆಯನ್ನು ಶಾಲೆಯಲ್ಲೇ ಹೇಳಬೇಕು ಅನ್ನಿಸುತ್ತದೆ.

ಮರೆಯ ವಿಷಯವೂ ಇಷ್ಟೇ. ಆಯುಧ ಹೊತ್ತವನನ್ನು ಗುರುತಿಸಲು ತರಬೇತಿ ಪಡೆದ ಪೊಲೀಸರು ಮೊದಲು ನೋಡುವುದು ಬಟ್ಟೆಯ ಉಬ್ಬನ್ನಷ್ಟೇ ಅಲ್ಲ, ಕೈಯನ್ನೂ ನೋಡುತ್ತಾರೆ. ಗಳಿಗೆಗೊಮ್ಮೆ ಟೊಂಕ ಮುಟ್ಟಿಕೊಳ್ಳುವವನು, ಪ್ಯಾಂಟು ಮೇಲೆಳೆದುಕೊಳ್ಳುವವನು, ಕೂರುವಾಗ ಒಂದು ಮಗ್ಗುಲಿಗೆ ವಾಲುವವನು ತಾನಾಗಿ ಬಯಲಾಗುತ್ತಾನೆ. ಇವೆಲ್ಲ ಕೆಟ್ಟ ಬೆಲ್ಟು ಕಲಿಸಿದ ಚಾಳಿ. ಭಾರ ಮರೆತುಹೋಗುವಷ್ಟು ಚೆನ್ನಾಗಿ ಕೂತರೆ ಕೈ ಅತ್ತ ಹೋಗುವುದಿಲ್ಲ.

ಹಿಂದಿನವರು ಈ ಭಾರವನ್ನು ಹೇಗೆ ಹೊತ್ತರು ಎಂದು ಹುಡುಕುವವರು ಅಕ್ಕಲಕೋಟೆಗೆ ಹೋಗುವುದು ಸಹಜ. ಅಲ್ಲಿನ ಭೋಸಲೆ ಮನೆತನದ ಅರಮನೆಯ ಶಸ್ತ್ರಾಗಾರವನ್ನು ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರೂ ನೋಡಿ ಹೋಗುತ್ತಾರೆ. ಆದರೆ ಯಾವ ಶಸ್ತ್ರಾಗಾರವಾದರೂ ಪೂರ್ತಿ ಉತ್ತರ ಕೊಡಲಾರದು. ಉಕ್ಕು ಉಳಿಯುತ್ತದೆ, ಅದನ್ನು ಹೊತ್ತ ಬಟ್ಟೆ ಮತ್ತು ಚರ್ಮ ಕೊಳೆತು ಹೋಗುತ್ತವೆ. ಆ ಜ್ಞಾನ ಬೇಕಾದರೆ ಚಿತ್ರಗಳಲ್ಲಿ ನೋಡಬೇಕು, ಇನ್ನೂ ಉಸಿರಾಡುತ್ತಿರುವ ಆಚರಣೆಗಳಲ್ಲಿ ನೋಡಬೇಕು. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದ ವಿಜಾಪುರದ ಚಿತ್ರಗಳಲ್ಲಿ ರಾಜರೂ ಸರದಾರರೂ ಕಟಾರಿಯನ್ನು ಸಿಕ್ಕಿಸಿಕೊಂಡಿರುವುದು ಚರ್ಮದ ಪಟ್ಟಿಗಲ್ಲ, ಹಲವು ಸುತ್ತು ಸುತ್ತಿದ ಬಟ್ಟೆಯ ನಡುಕಟ್ಟಿಗೆ. ಸುತ್ತು ಹೆಚ್ಚಿದಷ್ಟೂ ಪಟ್ಟಿ ಅಗಲವಾಗುತ್ತದೆ, ಭಾರ ಒಂದೇ ಗೆರೆಯ ಮೇಲೆ ಬೀಳದೆ ಇಡೀ ಟೊಂಕಕ್ಕೆ ಹರಡುತ್ತದೆ. ಬಟ್ಟೆ ಮೈಯ ಏರಿಳಿತಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಬೆವರು ಹೀರುತ್ತದೆ. ಸಡಿಲವಾದರೆ ಬಿಗಿ ಮಾಡಲು ತೂತು ಎಣಿಸಬೇಕಿಲ್ಲ. ಹೊರುವ ಕ್ರಮವಾಗಿ ಇದು ಇವತ್ತಿನ ಎಷ್ಟೋ ಬೆಲ್ಟುಗಳಿಗಿಂತ ಮೇಲು.

ಅದರ ಇನ್ನೂ ಪಳಗಿದ ರೂಪ ಕೊಡಗಿನಲ್ಲಿದೆ. ಕೊಡವರು ಕುಪ್ಯ ಎಂಬ ನಿಲುವಂಗಿಯ ಮೇಲೆ ಕೆಂಪು ರೇಷ್ಮೆಯ ಚೇಲೆ ಸುತ್ತಿಕೊಂಡು ಮುಂಭಾಗದಲ್ಲಿ ಪೀಚೆಕತ್ತಿ ಸಿಕ್ಕಿಸುತ್ತಾರೆ. ಹಿಂಭಾಗದಲ್ಲಿ ತೋಡಂಗ್ ಎಂಬ ಲೋಹದ ಕೊಂಡಿ ಇರುತ್ತದೆ, ಅಗಲವಾದ ಬಾಗಿದ ಅಲಗಿನ ಒಡಿಕತ್ತಿ ಅದರಲ್ಲಿ ನಿಲ್ಲುತ್ತದೆ. ಇಲ್ಲಿ ಕೆಲಸ ಎರಡು ಪಾಲಾಗಿದೆ. ಮೈಗೆ ತಾಗುವ ಭಾಗ ಮೆತ್ತಗಿನ ಬಟ್ಟೆ, ಆಯುಧಕ್ಕೆ ತಾಗುವ ಭಾಗ ಗಡುಸಾದ ಲೋಹ. ಆಯುಧ ಅಲುಗದಂತೆ ಹಿಡಿಯಲು ಗಡುಸು ಬೇಕು, ಹೊತ್ತವನು ಸಹಿಸಲು ಮೆತ್ತಗಿರಬೇಕು, ಒಂದೇ ವಸ್ತು ಎರಡನ್ನೂ ಮಾಡಲಾರದು. ಇವತ್ತಿನ ಬೆಲ್ಟು ವಿನ್ಯಾಸಕಾರರು ಸುತ್ತಿ ಬಳಸಿ ತಲುಪಿದ ತೀರ್ಮಾನ ಚೇಲೆ-ತೋಡಂಗಿನ ಜೋಡಿಯಲ್ಲಿ ಆಗಲೇ ಇದೆ. ಆದರೆ ಅದನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. ಬೆನ್ನಹುರಿಯ ಮೇಲೆ ಕೂರುವ ಆಯುಧ ಕಾಡುಗುಡ್ಡ ನಡೆಯುವವನಿಗೆ ಸರಿ, ಬಸ್ಸಿನ ಸೀಟಿಗೆ ಒರಗುವವನಿಗೆ ಅಲ್ಲ. ಮೋಟರ್‌ಸೈಕಲ್ಲಿನಿಂದ ಅಂಗಾತ ಬಿದ್ದರಂತೂ ಬೆನ್ನುಮೂಳೆಗೇ ಪೆಟ್ಟು.

ಆಯುಧ ಉಡುಪಿನ ಭಾಗವೇ ಆಗಿದ್ದ ಆ ಲೋಕ ಒಮ್ಮೆಲೇ ಕಳಚಿದ್ದು 1857ರ ನಿಶ್ಶಸ್ತ್ರೀಕರಣ ಕಾಯಿದೆಯಿಂದ. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಆ ವರ್ಷದ ನವೆಂಬರಿನಲ್ಲಿ ಕಾದಿ ಸತ್ತರು. 1878ರ ಆಯುಧ ಕಾಯಿದೆ ಬಾಗಿಲನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿತು. ಆಯುಧ ಹೋದ ಮೇಲೆ ಅದನ್ನು ಕಟ್ಟುವ ಕಸುಬೂ ಹೋಯಿತು. ಆದ್ದರಿಂದಲೇ ಇವತ್ತು ನಮಗೆ ಸಿಗುವ ಬೆಲ್ಟುಗಳೆಲ್ಲ ಬೇರೆಯವರ ಮೈಗೆ, ಬೇರೆಯವರ ಹವೆಗೆ ಮಾಡಿದವು.

ನಿಶ್ಶಸ್ತ್ರೀಕರಣದ ಆ ಹೊತ್ತಿಗೇ ಬ್ರಿಟಿಷ್ ಅಧಿಕಾರಿಯೊಬ್ಬನಿಗೆ ಇದೇ ದೇಶದಲ್ಲಿ ಆಯುಧ ಹೊರುವ ತೊಡಕು ಎದುರಾಯಿತು. 1858ರ ಆಗಸ್ಟಿನಲ್ಲಿ ಪೀಲಿಭೀತದ ಬಳಿಯ ಕಾಳಗದಲ್ಲಿ ಸ್ಯಾಮ್ ಬ್ರೌನ್ ಎಡತೋಳನ್ನು ಕಳೆದುಕೊಂಡ. ಒರೆ ಹಿಡಿಯಲು ಎಡಗೈ ಇಲ್ಲದೆ ಕತ್ತಿ ಸೆಳೆಯಲಾಗದು. ಅದಕ್ಕೆಂದು ಸೊಂಟದ ಬೆಲ್ಟಿಗೆ ಹೆಗಲ ಮೇಲಿಂದ ಅಡ್ಡಪಟ್ಟಿ ಜೋಡಿಸಿ ಭಾರವನ್ನು ಎದುರು ಭುಜಕ್ಕೆ ಹಂಚಿದ. ನಮ್ಮ ಪೊಲೀಸ್ ಅಧಿಕಾರಿಗಳು ಇಂದಿಗೂ ತೊಡುವ ಅಡ್ಡಬೆಲ್ಟು ಅವನ ಹೆಸರಿನದೇ. ಟೊಂಕ ಒಂದೇ ಹೊರಲಾರದ್ದನ್ನು ಹೆಗಲು ಹೊರಬಲ್ಲದು ಎಂಬುದು ಅದರ ಪಾಠ. ಸಮವಸ್ತ್ರಕ್ಕೆ ಒಪ್ಪುವ ಈ ಉಪಾಯ ಮರೆಯ ಕೆಲಸಕ್ಕೆ ಬರುವುದು ಅಂಗಿಯ ಒಳಗೆ ತೊಟ್ಟಾಗ ಮಾತ್ರ. ಸೊಲ್ಲಾಪುರದ ಸೆಖೆಯಲ್ಲಿ ಅದು ಯಾರಿಗೂ ಬೇಡ.

ಟೊಂಕದ ಶಕ್ತಿ ಎಷ್ಟೆಂದು ನೋಡಬೇಕಾದರೆ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ಬರಬೇಕು. ಏಳು ನಂದಿಧ್ವಜಗಳು, ಬಿಳಿಯ ಬಾರಾಬಂದಿ ತೊಟ್ಟ ಭಕ್ತರ ಸಾಲು, ಮೊದಲೇ ಮಾಡಿಕೊಂಡ ಅಭ್ಯಾಸ. ಇದನ್ನು ಹೋಲುವ ಕರ್ನಾಟಕದ ನಂದಿಕೋಲು ಕುಣಿತದಲ್ಲಿ ಸೊಂಟಕ್ಕೆ ಬಿಗಿದ ಪಟ್ಟಿಯ ಗೂಡಿನಲ್ಲಿ ಕೋಲಿನ ಬುಡವನ್ನು ಊರಿ ಕುಣಿಯುತ್ತಾರೆ. ಕೈ ತೋಲ ಹಿಡಿಯುತ್ತದೆ, ಭಾರವನ್ನು ಸೊಂಟ ಹೊರುತ್ತದೆ. ಆ ಪಟ್ಟಿ ಇಕ್ಕಟ್ಟಾಗಿದ್ದರೆ ಕುಣಿತ ಅರ್ಧಕ್ಕೇ ನಿಲ್ಲುತ್ತಿತ್ತು. ಅದು ಅಗಲವಾಗಿರುತ್ತದೆ, ಸೊಂಟದ ಎಲುಬಿನ ಮೇಲೆ ಕೂರುತ್ತದೆ, ಹೊಟ್ಟೆಯ ಮೇಲಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಖಾಸಗಿಯವರಿಗೆ ಸಾಮಾನ್ಯವಾಗಿ ಸಿಗುವುದು .32 ಬೋರಿನ ರಿವಾಲ್ವರು ಮತ್ತು ಪಿಸ್ತೂಲು. 9 ಎಂಎಂ ನಿಷೇಧಿತ ಬೋರು. 2014ರಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ರಿವಾಲ್ವರು ಸುಮಾರು 500 ಗ್ರಾಂ. 2023ರಲ್ಲಿ ಅದೇ ಊರಿನ ಸರ್ಕಾರಿ ಕಂಪನಿ ಹೊರತಂದ ‘ಪ್ರಬಲ್’ ಗುಂಡಿಲ್ಲದೆಯೇ 675 ಗ್ರಾಂ. ಗುಂಡು ತುಂಬಿ ಹೋಲ್‌ಸ್ಟರ್ ಸೇರಿಸಿದರೆ ಮುಕ್ಕಾಲು ಕಿಲೋ ದಾಟುತ್ತದೆ. ಮುಕ್ಕಾಲು ಕಿಲೋ ದೊಡ್ಡ ಭಾರವಲ್ಲ, ಆದರೆ ಅದು ಒಂದೇ ಮಗ್ಗುಲಿಗೆ ನೇತಾಡುತ್ತದೆ, ಅದರ ತೂಕದ ನಡುಬಿಂದು ಮೈಯಿಂದ ಹೊರಗಿರುತ್ತದೆ. ಕೆಳಗೆ ಜಗ್ಗುವುದರ ಜೊತೆಗೆ ಅದು ಬೆಲ್ಟನ್ನು ಹೊರಕ್ಕೆ ತಿರುಚುತ್ತದೆ. ಬೆಲ್ಟಿನ ಮೇಲಂಚು ಮೈಯಿಂದ ಬಿಟ್ಟುಕೊಳ್ಳುತ್ತದೆ, ಪಿಸ್ತೂಲಿನ ಹಿಡಿ ಹೊರಗೆ ವಾಲುತ್ತದೆ, ಅಂಗಿಯ ಮೇಲೆ ಅದರ ಆಕಾರ ಮೂಡುತ್ತದೆ. ಹೊತ್ತವನು ಬೆಲ್ಟನ್ನು ಇನ್ನೊಂದು ತೂತು ಬಿಗಿ ಮಾಡುತ್ತಾನೆ. ತಿರುಚು ನಿಲ್ಲುವುದಿಲ್ಲ, ಹೊಟ್ಟೆ ನೋಯುವುದು ಮಾತ್ರ ಹೆಚ್ಚುತ್ತದೆ.

ಬಿಗಿತದಿಂದ ಬರುವ ನೋವು ಸಣ್ಣದಲ್ಲ. ಸೊಂಟದ ಮೂಳೆಯ ಮುಂದಿನ ತುದಿಯ ಪಕ್ಕದಲ್ಲಿ ತೊಡೆಯ ಹೊರಮೈಗೆ ಹೋಗುವ ನರವೊಂದಿದೆ. ಬೆಲ್ಟು ಅದನ್ನು ಒತ್ತುತ್ತಲೇ ಇದ್ದರೆ ತೊಡೆ ಜೋಮು ಹಿಡಿಯುತ್ತದೆ, ಉರಿಯುತ್ತದೆ. ವೈದ್ಯರು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎನ್ನುವ ಈ ತೊಂದರೆ ಭಾರದ ಬೆಲ್ಟು ಕಟ್ಟುವ ಪೊಲೀಸರಲ್ಲಿ ಕಾಣುವಂಥದ್ದೇ. ಕಾಲು ನೋವೆಂದು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುವವನಿಗೆ ಕಾರಣ ಟೊಂಕದಲ್ಲಿದೆಯೆಂದು ಹೊಳೆಯುವುದು ತಡವಾಗಿ.

ತಿರುಚನ್ನು ತಡೆಯುವುದು ಅಗಲ ಮತ್ತು ದಪ್ಪ. ಸಾಧಾರಣ ಆಫೀಸು ಬೆಲ್ಟು 30 ರಿಂದ 35 ಮಿಲಿಮೀಟರ್ ಅಗಲ, ಹೋಲ್‌ಸ್ಟರಿಗೆ ಮಾಡಿದ್ದು 38. ಮೂರು ಮಿಲಿಮೀಟರೇ ಎಂದು ತಳ್ಳಿಹಾಕುವಂತಿಲ್ಲ. ದಪ್ಪದ ಗುಟ್ಟು ಇನ್ನೂ ಕುತೂಹಲದ್ದು. ಪಟ್ಟಿಯೊಂದರ ಗಡುಸು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 2 ಮಿಲಿಮೀಟರಿನ ಎರಡು ಚರ್ಮಗಳನ್ನು ಬರಿದೆ ಒಂದರ ಮೇಲೊಂದು ಇಟ್ಟರೆ ಗಡುಸು ಎರಡು ಪಟ್ಟು. ಅದೇ ಎರಡನ್ನು ಅಂಟು ಹಾಕಿ, ಅಂಚುಗುಂಟ ಒತ್ತಾಗಿ ಹೊಲಿದು ಒಂದೇ ಚರ್ಮದಂತೆ ಮಾಡಿದರೆ ಎಂಟು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ. ಒಳ್ಳೆಯ ಮೋಚಿಯ ಕೂಲಿ ಎಲ್ಲಿ ಹೋಯಿತು ಎಂದು ಕೇಳುವವರಿಗೆ ಇದು ಉತ್ತರ. ಅಗ್ಗದ ಬೆಲ್ಟಿನಲ್ಲಿ ಎರಡು ಪದರದ ನಡುವೆ ರಟ್ಟು ಇರುತ್ತದೆ. ಮಳೆಗಾಲ ಒಂದು ಕಳೆದರೆ ರಟ್ಟು ಮೆತ್ತಗಾಗಿ ಪದರಗಳು ಬಿಟ್ಟುಕೊಳ್ಳುತ್ತವೆ, ಗಡುಸೆಲ್ಲ ಹೋಗುತ್ತದೆ.

ಹಾಗೆಂದು ಸುತ್ತಲೂ ಗಡುಸು ಮಾಡಿದರೆ ಬೆಲ್ಟು ಪೀಪಾಯಿಯ ಕಬ್ಬಿಣದ ಬಳೆಯಂತಾಗುತ್ತದೆ. ಅಮೆರಿಕದ ಕೆಲವು ಬೆಲ್ಟುಗಳಲ್ಲಿ ಒಳಗೆ ಸ್ಪ್ರಿಂಗ್ ಉಕ್ಕಿನ ಪಟ್ಟಿ ಇಡುತ್ತಾರೆ. ಕುರ್ಚಿಯಲ್ಲಿ ಕೂರುವವರಿಗೆ ಅದು ನಡೆದೀತು, ನೆಲದಲ್ಲಿ ಕೂರುವ ನಮಗೆ ನಡೆಯದು. ಗಡುಸು ಬೇಕಾದದ್ದು ಹೋಲ್‌ಸ್ಟರ್ ಕೂರುವ ಕಡೆ, ಅದರ ಹಿಂದೆಮುಂದೆ ಒಂದು ಗೇಣು. ಹೊಟ್ಟೆಯ ಮೇಲೆ, ಬೆನ್ನ ನಡುವೆ ಮೆತ್ತಗೇ ಇರಬೇಕು. ಇಡೀ ಬೆಲ್ಟನ್ನು ಒಂದೇ ಹದದಲ್ಲಿ ಮಾಡುವುದು ಕಾರ್ಖಾನೆಗೆ ಸುಲಭ, ಮೈಗೆ ಕಷ್ಟ. ನನ್ನ ಮಟ್ಟಿಗೆ ವಿನ್ಯಾಸದ ತಿರುಳು ಇದೇ: ಮೂರನೆಯ ಒಂದು ಭಾಗ ಗಡುಸು, ಉಳಿದದ್ದು ಮೆತ್ತಗೆ.

ಬಿಗಿ ಮಾಡುವ ಹೆಜ್ಜೆಯೂ ಸಣ್ಣದಾಗಬೇಕು. ಸಾಮಾನ್ಯ ಬೆಲ್ಟಿನಲ್ಲಿ ತೂತಿನಿಂದ ತೂತಿಗೆ ಸುಮಾರು 25 ಮಿಲಿಮೀಟರ್. ನಿಂತಾಗಿನ ಟೊಂಕದ ಸುತ್ತಳತೆಗೂ ಕೂತಾಗಿನದಕ್ಕೂ, ಉಪವಾಸಕ್ಕೂ ಹೋಳಿಗೆ ಊಟಕ್ಕೂ ವ್ಯತ್ಯಾಸ ಇರುತ್ತದೆ. ಒಂದು ತೂತು ಬಿಟ್ಟರೆ ಆಯುಧ ಜೋಲುತ್ತದೆ, ಹಾಕಿದರೆ ಉಸಿರು ಕಟ್ಟುತ್ತದೆ. ಹಲ್ಲಿನ ಪಟ್ಟಿಯ ರ‍್ಯಾಚೆಟ್ ಬಕಲುಗಳು ಸುಮಾರು 6 ಮಿಲಿಮೀಟರಿಗೊಂದು ಹೆಜ್ಜೆ ಕೊಡುತ್ತವೆ, ಆಯುಧ ಮುಟ್ಟದೆ ಸಡಿಲಿಸಬಹುದು. ಅವುಗಳ ದಪ್ಪ ಬಕಲು ಮಾತ್ರ ನೆಹರೂ ಶರ್ಟಿನ ಕೆಳಗೆ ಎದ್ದು ಕಾಣುತ್ತದೆ. ಬಕಲು ಚಪ್ಪಟೆಯಾಗಿ, ಹೊಕ್ಕುಳದಿಂದ ತುಸು ಪಕ್ಕಕ್ಕೆ ಸರಿದಿದ್ದರೆ ಬಾಗುವಾಗಲೂ ಚುಚ್ಚದು.

ಇಲ್ಲಿಂದ ಉಡುಪಿನ ಮಾತು. ನಮ್ಮ ಸೀಮೆಯ ಉಡುಪಿನಲ್ಲಿ ಒಂದು ವಿಚಿತ್ರ ವಿರೋಧವಿದೆ. ಧೋತರ ಅಥವಾ ಪೈಜಾಮದ ಮೇಲೆ ಮೊಣಕಾಲತನಕ ಬರುವ ನೆಹರೂ ಶರ್ಟು ಏನನ್ನಾದರೂ ಮರೆಮಾಡಬಲ್ಲದು, ಆದರೆ ಒಳಗೆ ಆಸರೆಯೇ ಇಲ್ಲ. ಪೈಜಾಮಕ್ಕೆ ಇರುವುದು ಒಂದು ಲಾಡಿ. ಪ್ಯಾಂಟಿನಲ್ಲಿ ಬೆಲ್ಟಿಗೆ ಕುಣಿಕೆಗಳಿವೆ, ಆಸರೆ ಗಟ್ಟಿ, ಆದರೆ ಇನ್ ಮಾಡಿದ ಅಂಗಿ ಏನನ್ನೂ ಮುಚ್ಚುವುದಿಲ್ಲ. ಮುಚ್ಚುವ ಉಡುಪು ಹೊರುವುದಿಲ್ಲ, ಹೊರುವ ಉಡುಪು ಮುಚ್ಚುವುದಿಲ್ಲ. ಜೀನ್ಸಿನ ಮೇಲೆ ದೊಗಲೆ ಟೀ ಶರ್ಟು ತೊಡುವವನಿಗೆ ಮಾಡಿದ ಬೆಲ್ಟು ಈ ಎರಡಕ್ಕೂ ಉತ್ತರ ಹೇಳುವುದಿಲ್ಲ.

ಪ್ಯಾಂಟಿನವರಿಗೆ ದಾರಿ ಸುಲಭ, ಏಕೆಂದರೆ ಇಲ್ಲಿ ಇನ್ನೂ ದರ್ಜಿಗಳಿದ್ದಾರೆ. ಹೋಲ್‌ಸ್ಟರ್ ಪ್ಯಾಂಟಿನ ಒಳಗೆ ಕೂರುವುದಾದರೆ ಟೊಂಕದ ಅಳತೆಗೆ ಒಂದೂವರೆ ಎರಡು ಇಂಚು ಸೇರಿಸಿ ಹೊಲಿಸಬೇಕು, 38 ಮಿಲಿಮೀಟರಿನ ಬೆಲ್ಟು ಸಲೀಸಾಗಿ ನುಗ್ಗುವಷ್ಟು ಉದ್ದದ ಗಟ್ಟಿ ಕುಣಿಕೆ ಇಡಿಸಬೇಕು, ಒಂದು ಕುಣಿಕೆ ಹೋಲ್‌ಸ್ಟರಿಗೆ ತಾಗಿಕೊಂಡೇ ಬರುವಂತೆ ಹೇಳಬೇಕು. ಪಕ್ಕದ ಕುಣಿಕೆ ಹೋಲ್‌ಸ್ಟರ್ ಹಿಂದೆಮುಂದೆ ಜಾರದಂತೆ ತಡೆಯುತ್ತದೆ. ಇದಕ್ಕೆ ಖರ್ಚು ಇಲ್ಲವೇ ಇಲ್ಲವೆನ್ನಬಹುದು. ಸಿದ್ಧ ಉಡುಪು ಕೊಳ್ಳುವ ದೇಶದವರಿಗೆ ಈ ಅನುಕೂಲವಿಲ್ಲ.

ಧೋತರ, ಪೈಜಾಮದವರಿಗೆ ಬೇಕಾದದ್ದು ಉಡುಪನ್ನು ನೆಚ್ಚದ ಒಳಬೆಲ್ಟು. ಉತ್ತರ ಕರ್ನಾಟಕದ ಹಳೆಯ ವ್ಯಾಪಾರಿಗಳು ಸಂತೆಗೆ ಹೋಗುವಾಗ ರೊಕ್ಕ ತುಂಬಿದ ಹಮ್ಮಿಣಿಯನ್ನು ಧೋತರದ ಒಳಗೆ ಟೊಂಕಕ್ಕೆ ಸುತ್ತುತ್ತಿದ್ದರು. ಬೆಳ್ಳಿ ರೂಪಾಯಿಯ ಭಾರ ಸುತ್ತಲೂ ಹರಡಿ ಉಬ್ಬು ಕಾಣದಂತೆ ಕೂರುತ್ತಿತ್ತು, ಧೋತರ ಬಿಚ್ಚಿ ಉಟ್ಟರೂ ಅದು ಅಲುಗುತ್ತಿರಲಿಲ್ಲ. ಅಮೆರಿಕದಲ್ಲಿ ಈಚೆಗೆ ಹೆಸರು ಮಾಡಿದ ಫ್ಲಸ್ಟರ್ ಎನಿಗ್ಮಾ ಎಂಬ ಸಾಧನದ ತತ್ವ ಇದಕ್ಕೆ ಹತ್ತಿರ: ಪ್ಯಾಂಟಿಗೆ ಸಂಬಂಧವಿಲ್ಲದ ತೆಳ್ಳನೆಯ ಪಟ್ಟಿ ಮೈಗೆ ಸುತ್ತಿ, ಅದಕ್ಕೆ ಗಡುಸಾದ ಫಲಕವೊಂದನ್ನು ಕಟ್ಟಿ, ಹೋಲ್‌ಸ್ಟರನ್ನು ಫಲಕಕ್ಕೆ ಬಿಗಿಯುವುದು. ತತ್ವ ಒಪ್ಪುವಂಥದ್ದು. ಆದರೆ ಅದು ಆಯುಧವನ್ನು ಹೊಟ್ಟೆಯ ಮುಂದೆ, ತೊಡೆಸಂದಿಯ ಮೇಲೆ ಇಡುತ್ತದೆ. ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಉಣ್ಣುವವನಿಗೆ, ಹೊಲದಲ್ಲಿ ಕುಕ್ಕರಗಾಲಲ್ಲಿ ಕೂರುವವನಿಗೆ ಆ ಜಾಗ ಆಗದು. ನಳಿಗೆ ತೊಡೆಗೆ ಚುಚ್ಚುತ್ತದೆ, ಹಿಡಿ ಪಕ್ಕೆಲುಬಿಗೆ ಒತ್ತುತ್ತದೆ. ನಮ್ಮವರಿಗೆ ಸೊಂಟದ ಎಲುಬಿನಿಂದ ತುಸು ಹಿಂದಿನ ತಗ್ಗೇ ಸರಿ. ನೆಲದಲ್ಲಿ ಕೂತಾಗಲೂ ಆ ತಗ್ಗು ಮಡಚಿಕೊಳ್ಳುವುದಿಲ್ಲ.

ಅಂಗಡಿಗಳಲ್ಲಿ ಸಿಗುವ ಎಲಾಸ್ಟಿಕ್ ಹೊಟ್ಟೆಪಟ್ಟಿಯ ಬಗ್ಗೆ ಎರಡೇ ಮಾತು. ಅದು ಅಗ್ಗ, ಮೆತ್ತಗಿರುತ್ತದೆ, ಎಲ್ಲ ಉಡುಪಿಗೂ ಹೊಂದುತ್ತದೆ. ಆದರೆ ಬಟ್ಟೆಯ ಜೇಬು ಟ್ರಿಗರನ್ನು ಕಾಯುವುದಿಲ್ಲ. ಟ್ರಿಗರನ್ನು ಪೂರ್ತಿ ಮುಚ್ಚುವ ಗಡುಸಾದ ಹೋಲ್‌ಸ್ಟರ್ ಇಲ್ಲದ ಯಾವ ವ್ಯವಸ್ಥೆಯನ್ನೂ, ಅದು ಎಷ್ಟೇ ಆರಾಮವಾಗಿರಲಿ, ನಾನು ಬೆಲ್ಟೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬೆವರಿನ ವಿಷಯಕ್ಕೆ ಬಂದರೆ ಸೊಲ್ಲಾಪುರ ತಾನೇ ಉತ್ತರ ಕೊಡಬಲ್ಲದು. ಮೊದಲು ಚರ್ಮ. ಕೊಲ್ಹಾಪುರಿ ಚಪ್ಪಲಿಯ ಭೌಗೋಳಿಕ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಅತ್ತ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ. ಇತ್ತ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮದಲ್ಲಿ ಕೆಲಸ ಮಾಡುವವರು. ಕ್ರೋಮ್ ಹದದ ಚರ್ಮ ಮೆತ್ತಗೆ, ಎಳೆದರೆ ಹಿಗ್ಗುತ್ತದೆ, ಕೈಚೀಲಕ್ಕೆ ಚೆಂದ. ತೊಗಟೆ ಹದದ್ದು ಗಡುಸು, ಕೊಟ್ಟ ಆಕಾರ ಬಿಡುವುದಿಲ್ಲ, ತೊಡುತ್ತ ತೊಡುತ್ತ ಮೈಗೆ ಒಗ್ಗುತ್ತದೆ. ಜಗತ್ತಿನ ಒಳ್ಳೆಯ ಹೋಲ್‌ಸ್ಟರ್ ಬೆಲ್ಟುಗಳಲ್ಲಿ ಅನೇಕವು ಈ ಬಗೆಯ ಚರ್ಮದವು. ಅಟ್ಟೆಗೆ ಬಳಸುವ ಎಮ್ಮೆ ಚರ್ಮದ ಬೆನ್ನುಭಾಗ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಎಚ್ಚರಿಕೆ: ತೊಗಟೆ ಹದದ ಚರ್ಮದಲ್ಲಿ ಹುಳಿ ಇರುತ್ತದೆ, ಒದ್ದೆಯಾದರೆ ಉಕ್ಕನ್ನು ತಿನ್ನುತ್ತದೆ. ಬೆಲ್ಟು ಚರ್ಮದ್ದಿರಲಿ, ಆಯುಧವನ್ನು ಚರ್ಮದ ಹೋಲ್‌ಸ್ಟರಿನಲ್ಲಿ ರಾತ್ರಿಯಿಡೀ ಬಿಡುವುದು ಬೇಡ.

ಚರ್ಮದ ಶತ್ರು ಬೆವರಿನ ಉಪ್ಪು. ಅದಕ್ಕೆ ಸೊಲ್ಲಾಪುರದ ಇನ್ನೊಂದು ಸೊತ್ತು ಟೆರ್ರಿ ಟವೆಲು. ಚಾದರಿನಂತೆ ಅದೂ ಈ ಊರಿನ ಹೆಸರಿನಲ್ಲೇ ಮಾನ್ಯತೆ ಪಡೆದ ನೇಯ್ಗೆ. ಬೆಲ್ಟಿನ ಒಳಮೈಗೆ ಟೆರ್ರಿಯ ತೆಳ್ಳನೆಯ ಪಟ್ಟಿಯನ್ನು ಗುಂಡಿಯಿಂದಲೋ ಅಂಟುಪಟ್ಟಿಯಿಂದಲೋ ಕೂರಿಸಿ, ಸಂಜೆ ತೆಗೆದು ಒಗೆಯುವಂತೆ ಮಾಡಿದರೆ ಚರ್ಮ ಉಳಿಯುತ್ತದೆ, ಚರ್ಮರೋಗವೂ ದೂರ. ಅದೇ ಪಟ್ಟಿ ಜಾರುವುದನ್ನೂ ತಡೆಯುತ್ತದೆ. ನೈಲಾನಿನ ನುಣುಪು ಬೆಲ್ಟಿಗೆ ಈ ಗುಣವಿಲ್ಲ.

ಹೊಲಿಯುವ ಕೈಗಳ ಕೊರತೆಯಿಲ್ಲ. ಸೊಲ್ಲಾಪುರ ಸಮವಸ್ತ್ರದ ಉದ್ಯಮಕ್ಕೆ ಹೆಸರಾದ ಊರು. ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರರ ಹೆಸರಿನ ಬೀಡಿ ಕಾರ್ಮಿಕ ಮಹಿಳೆಯರ ವಸತಿಯಲ್ಲಿ ಹತ್ತು ಸಾವಿರ ಮನೆಗಳಿವೆ. ಅದರ ಮುಂದಿನ ಹೆಜ್ಜೆಯಾದ ರೇ ನಗರದಲ್ಲಿ 2024ರ ಜನವರಿ 19ರಂದು ಹದಿನೈದು ಸಾವಿರ ಮನೆಗಳ ಕೀಲಿ ಕೊಟ್ಟರು. ತಂಬಾಕಿನ ಧೂಳಿನಿಂದ ಹೊರಬರುವ ದಾರಿ ಹುಡುಕುವ ಕುಟುಂಬಗಳಿಗೆ ಸಣ್ಣ, ನಾಜೂಕಿನ, ಕೂಲಿ ಹೆಚ್ಚು ಸಿಗುವ ಕೆಲಸ ಬೇಕು. ಹೋಲ್‌ಸ್ಟರ್ ಬೆಲ್ಟಿನ ಗಿರಾಕಿಗಳು ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಚುನಾವಣೆ ಬಂದರೆ ಲೈಸೆನ್ಸಿನ ಆಯುಧಗಳು ಠಾಣೆ ಸೇರಿ ಇರುವ ಬೆಲ್ಟೂ ಗೂಟಕ್ಕೆ ಬೀಳುತ್ತದೆ. ಆದರೆ ಭಾರ ಹರಡುವ, ಬೆವರು ಹೀರುವ, ಉಡುಪಿನ ಒಳಗೆ ಕಾಣದಂತೆ ಕೂರುವ ಪಟ್ಟಿ ಬೇಕಾದವರು ಇನ್ನೂ ಇದ್ದಾರೆ. ಇನ್ಸುಲಿನ್ ಪಂಪು ಕಟ್ಟಿಕೊಳ್ಳುವ ಸಕ್ಕರೆ ರೋಗಿಗಳು, ಕರುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಗೆ ಚೀಲ ಕಟ್ಟಿಕೊಂಡು ಬದುಕುವವರು, ಹಳ್ಳಿ ಹಳ್ಳಿಗೆ ನಗದು ಒಯ್ಯುವ ಬ್ಯಾಂಕ್ ಪ್ರತಿನಿಧಿಗಳು. ಒಂದೇ ವಿನ್ಯಾಸದ ನಾಲ್ಕು ರೂಪಗಳು ಒಂದು ಘಟಕವನ್ನು ನಡೆಸಬಲ್ಲವು.

ಕೊನೆಯದಾಗಿ ಎಲ್ಲರೂ ಬಿಟ್ಟುಬಿಡುವ ಪ್ರಶ್ನೆ, ಹೆಣ್ಣುಮಕ್ಕಳದು. ನೇರವಾಗಿ ಕತ್ತರಿಸಿದ ಪಟ್ಟಿ ಕೊಳವೆಯಂಥ ಟೊಂಕಕ್ಕೆ ಸರಿ. ಹೆಣ್ಣಿನ ಟೊಂಕ ಕೆಳಗೆ ಹೋದಂತೆ ಅಗಲವಾಗುತ್ತದೆ, ಹಾಗಾಗಿ ನೇರ ಪಟ್ಟಿಯ ಕೆಳಅಂಚು ಎಲುಬಿಗೆ ಕಚ್ಚಿ ಮೇಲಂಚು ಬಾಯಿ ತೆರೆಯುತ್ತದೆ. ಪಕ್ಕೆಲುಬಿಗೂ ಸೊಂಟಕ್ಕೂ ನಡುವಿನ ಅಂತರ ಕಡಿಮೆ ಇರುವುದರಿಂದ ಹಿಡಿ ಪಕ್ಕೆಗೆ ಚುಚ್ಚುತ್ತದೆ. ಇದಕ್ಕೆ ಪರಿಹಾರ ಬಿಲ್ಲಿನಂತೆ ಬಾಗಿಸಿ ಕತ್ತರಿಸಿದ ಪಟ್ಟಿ ಮತ್ತು ಒಂದೆರಡು ಬೆರಳು ಕೆಳಗೆ ಕೂರುವ ಹೋಲ್‌ಸ್ಟರ್. ಬಾಗಿಸಿ ಕತ್ತರಿಸಿದರೆ ಚರ್ಮ ಹೆಚ್ಚು ಪೋಲಾಗುತ್ತದೆ, ಕಾರ್ಖಾನೆಗಳು ಅದಕ್ಕೇ ಹಿಂದೆಗೆಯುತ್ತವೆ. ಗಂಡಸರ ಬೆಲ್ಟಿಗೆ ಎರಡು ತೂತು ಹೆಚ್ಚಿಗೆ ಕೊರೆದು ಮಹಿಳಾ ಕಾನ್‌ಸ್ಟೆಬಲ್‌ಗೆ ಕೊಡುವುದು ಅನ್ಯಾಯ. ಮಫ್ತಿಯಲ್ಲಿ ಸಲ್ವಾರ್ ಕಮೀಜ್ ತೊಟ್ಟು ಕೆಲಸಕ್ಕೆ ಇಳಿಯುವ ಅವರಿಗೆ ಬೆಲ್ಟಿನ ಕುಣಿಕೆಯೂ ಇಲ್ಲ, ಇರುವುದು ಲಾಡಿ ಮಾತ್ರ. ಒಳಬೆಲ್ಟಿನ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ಅವರಿಗೇ.

ಆದ್ದರಿಂದ ಈ ಸೀಮೆಯಲ್ಲಿ ಯಾರಾದರೂ ಮಾದರಿ ಮಾಡಲು ಹೊರಟರೆ ಮೊದಲ ಅಳತೆಯನ್ನು ಮಹಿಳಾ ಪೊಲೀಸರದೇ ತೆಗೆದುಕೊಳ್ಳಲಿ. ನಿಂತಾಗಿನದು, ಕುರ್ಚಿಯಲ್ಲಿ ಕೂತಾಗಿನದು, ನೆಲದಲ್ಲಿ ಚಕ್ಕಳಮಕ್ಕಳ ಹಾಕಿದಾಗಿನದು, ಹೀಗೆ ಮೂರು ಅಳತೆ. ಪಿಸ್ತೂಲಿನ ಬದಲು ಅಷ್ಟೇ ತೂಕದ ಮರಳಿನ ಚೀಲ ಕಟ್ಟಿ ಮೇ ತಿಂಗಳ ಒಂದು ಪಾಳಿ ಪೂರ್ತಿ ತೊಡಿಸಲಿ. ಅಕ್ಕಲಕೋಟೆಯತನಕ ಬೈಕಿನಲ್ಲಿ ಹೋಗಿ ಬರಲಿ, ನೆಲದಲ್ಲಿ ಕೂತು ಉಣ್ಣಲಿ, ಗೋಡೆ ಹತ್ತಲಿ. ಪಾಳಿ ಮುಗಿದ ಮೇಲೆ ಬೆಲ್ಟು ಎಷ್ಟು ಜೋತಿದೆ, ಚರ್ಮದ ಮೇಲೆ ಎಲ್ಲಿ ಕೆಂಪು ಗೆರೆ ಮೂಡಿದೆ, ದಿನದಲ್ಲಿ ಎಷ್ಟು ಸಲ ಕೈ ಟೊಂಕಕ್ಕೆ ಹೋಯಿತು ಎಂಬ ಮೂರನ್ನು ಬರೆದಿಟ್ಟುಕೊಂಡು ಎರಡನೆಯ ಮಾದರಿ ಕತ್ತರಿಸಲಿ.